ಎಚ್‌ಎಂಎಸ್ ಬೀಗಲ್ ಮರದ ಕಿಟ್: ಕೊಡಗಿನ ಮಳೇಲಿ ಕಟ್ಟೋರಿಗೆ ಮಾತ್ರ

ಮೊದ್ಲೇ ಹೇಳ್ಬಿಡ್ತೀನಿ, ಕಿಟ್ ಕೆಟ್ಟದ್ದಲ್ಲ. ಆದ್ರೆ ಇದನ್ನ ಮಾಡಿದ ಪುಣ್ಯಾತ್ಮರು ಯಾರೂ ಜುಲೈನಲ್ಲಿ ನಾಪೋಕ್ಲು ಕಡೆ ಬಂದು ಒಂದು ವಾರ ಕೂತವರಲ್ಲ ಅನ್ನೋದು ಪೆಟ್ಟಿಗೆ ಬಿಚ್ಚಿದ ಮೂರನೇ ವಾರಕ್ಕೇ ಗೊತ್ತಾಯ್ತು. ನಾನು ಕಟ್ಟಿದ್ದು ಬೀಗಲ್, ಡಾರ್ವಿನ್ ಹೋದ ಹಡಗಿನ ಮಾದರಿ, 1:64 ಸ್ಕೇಲು (ಅಂದ್ರೆ ಅಸಲಿಯ ಅರವತ್ನಾಲ್ಕನೇ ಒಂದು ಪಾಲು), ಪೂರ್ತಿ ಮರದ್ದು. ಎರಡು ವರ್ಷಕ್ಕೆ ಎರಡು ತಿಂಗಳು ಕಮ್ಮಿ ಹಿಡೀತು. ಕಂಪನಿ ಯೂರೋಪಿನದ್ದು, ಹೆಸರು ಹಾಕಲ್ಲ, ನನಗೆ ಬಂದ ಒಂದು ಪೆಟ್ಟಿಗೆ ನೋಡಿ ಅವರ ಹೆಸರು ಕೆಡಿಸೋದು ಸರಿ ಅನ್ಸಲ್ಲ, ಕೆಳಗೆ ಬೈದಿರೋದನ್ನೆಲ್ಲ ಹಂಗೇ ಓದ್ಕೊಳ್ಳಿ.

ದುಡ್ಡಿನ ವಿಷಯ ಬೇಗ ಮುಗಿಸ್ತೀನಿ, ನೆನೆಸ್ಕೊಂಡ್ರೆ ಇನ್ನೂ ಹೊಟ್ಟೆ ಉರಿಯುತ್ತೆ. ಕಿಟ್ಟಿಗೆ 16,000, ಅದರ ಮೇಲೆ ಶಿಪ್ಪಿಂಗು, ಅದರ ಮೇಲೆ ಕಸ್ಟಮ್ಸ್, ಎಲ್ಲ ಸೇರಿ 31,000 ಹತ್ರ ಹೋಯ್ತು. ಹೆಂಡತಿಗೆ ನಾನು ಹೇಳಿದ್ದು ಹದಿನಾರು ಮಾತ್ರ. ಕೊರಿಯರ್‌ನವರು ನಮ್ಮ ತೋಟದ ತನಕ ಬರಲ್ಲ ಅಂದ್ರು, ಮಡಿಕೇರಿಗೆ ಬಂದು ತಗೊಂಡು ಹೋಗಿ ಅಂದ್ರು, ಹೋದ್ರೆ ಪೆಟ್ಟಿಗೆ ಮೇಲೆ ಯಾವುದೋ ಗೊಬ್ಬರದ ಚೀಲ ಇಟ್ಟು ಒಂದು ಮೂಲೆ ಜಜ್ಜಿ ಹೋಗಿತ್ತು, ಪುಣ್ಯಕ್ಕೆ ಒಳಗಿನ ಪ್ಲೈವುಡ್ ಶೀಟ್ ಯಾವುದೂ ಮುರಿದಿರ್ಲಿಲ್ಲ.

ಬಿಚ್ಚಿದ ದಿನ ಮಾತ್ರ ಖುಷಿಯೋ ಖುಷಿ. ಲೇಸರ್ ಕಟ್ಟಿಂಗ್ ಎಷ್ಟು ನೀಟಾಗಿದೆ ಅಂದ್ರೆ ಕೀಲ್‌ಗೆ (ಹಡಗಿನ ಬೆನ್ನುಮೂಳೆ ಅಂದ್ಕೊಳ್ಳಿ) ಅಡ್ಡಡ್ಡ ಕೂರಿಸೋ ಫ್ರೇಮ್‌ಗಳೆಲ್ಲ ಗಮ್ ಇಲ್ಲದೇನೇ ಟಕ್ ಅಂತ ಕೂತ್ಕೊಂಡ್ವು, ಒಂದಕ್ಕೂ ಉಜ್ಜೋದು ಬೇಕಾಗ್ಲಿಲ್ಲ. ಇದಕ್ಕೆ ಫುಲ್ ಮಾರ್ಕ್ಸ್. ನಿಜವಾದ ಬೀಗಲ್ ಉದ್ದ ಸುಮಾರು 27.5 ಮೀಟರ್, ಅಂದ್ರೆ ನಮ್ಮ ಎರಡು ಕೆಂಪು ಬಸ್ಸು ಹಿಂದೆ ಮುಂದೆ ನಿಲ್ಲಿಸಿದ್ರೆ ಇನ್ನೊಂಚೂರು ಜಾಸ್ತಿ, ಅಷ್ಟೇ. ಅಷ್ಟರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಸುಮಾರು ಐದು ವರ್ಷ, 1831ರ ಡಿಸೆಂಬರಿಂದ 1836ರ ಅಕ್ಟೋಬರ್ ತನಕ, ಪ್ರಪಂಚ ಸುತ್ತಿದ್ದಾರೆ. ಈ ಸ್ಕೇಲಲ್ಲಿ ಹಡಗಿನ ಮೈ 43 ಸೆಂಟಿಮೀಟರ್ ಬರುತ್ತೆ, ಆರಡಿ ಡಾರ್ವಿನ್ ಮೂರು ಸೆಂಟಿಮೀಟರಿಗೂ ಸ್ವಲ್ಪ ಕಮ್ಮಿ. ಒಂದು ರೊಬಸ್ಟಾ ಬೀಜ ತಂದು ಡೆಕ್ ಮೇಲೆ ಇಟ್ಟು ನೋಡ್ದೆ, ಎರಡಡಿ ಪೀಪಾಯಿ ಇಟ್ಟ ಹಂಗೆ ಕಾಣ್ತು. ಆಮೇಲೆ ಅದನ್ನ ತೆಗೀಲೇ ಇಲ್ಲ, ಈಗಲೂ ಅಲ್ಲೇ ಇದೆ, ಮೂರು ಬೀಜ.

ಈಗ ಅಸಲಿ ಸಮಸ್ಯೆಗೆ ಬರ್ತೀನಿ. ನಮ್ಮಲ್ಲಿ ಡಿಸೆಂಬರಿಂದ ಫೆಬ್ರವರಿ ತನಕ ಕಾಫಿ ಕೊಯ್ಲು, ಅದು ಮುಗೀತಿದ್ದಂಗೆ ಕರಿಮೆಣಸು, ಆಮೇಲೆ ಕಾಫಿ ಹೂ ಅರಳಿಸೋ ಮಳೆ ಬರಲಿಲ್ಲ ಅಂದ್ರೆ ಸ್ಪ್ರಿಂಕ್ಲರ್ ಹಿಂದೆ ಓಡಾಟ. ಗಾಳಿ ಒಣಗಿರೋ ತಿಂಗಳು ಯಾವುದಿದೆಯೋ ಆಗ ಕೂರೋಕೆ ಟೈಮ್ ಇರಲ್ಲ. ಕೂರೋಕೆ ಟೈಮ್ ಸಿಗೋದು ಜೂನಿಂದ ಆಗಸ್ಟ್, ಆಗ ಗೋಡೆ ಬೆವರುತ್ತೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತೆ, ಉಪ್ಪಿನ ಡಬ್ಬಿ ನೀರಾಗುತ್ತೆ, ಕರೆಂಟು ಹೋದ್ರೆ ಮೂರು ದಿನ. ಮರದ ಕೆಲಸ ಮಾಡೋಕೆ ಇದಕ್ಕಿಂತ ಕೆಟ್ಟ ಕಾಲ ಇಲ್ಲ, ಮತ್ತೆ ನನಗೆ ಇರೋದು ಅದೊಂದೇ ಕಾಲ.

ಫ್ರೇಮ್‌ಗಳ ಮೇಲೆ ಉದ್ದುದ್ದಕ್ಕೆ ಅಂಟಿಸಿ ಹಡಗಿನ ಮೈ ಮಾಡೋದು ತೆಳ್ಳನೆ ಮರದ ಪಟ್ಟಿಗಳಿಂದ. ಬುಕ್‌ಲೆಟ್ಟಲ್ಲಿ ಹೇಳ್ತಾರೆ, ಪಟ್ಟಿಗಳನ್ನ ಅರ್ಧ ಗಂಟೆ ನೀರಲ್ಲಿ ನೆನೆಸಿ ಬಗ್ಗಿಸಿ ಅಂತ. ನಾನು ನೆನೆಸೋದೇ ಬೇಕಾಗ್ಲಿಲ್ಲ ಮಾರಾಯ್ರೆ, ರಾತ್ರಿ ಮೇಜಿನ ಮೇಲೆ ಇಟ್ರೆ ಬೆಳಿಗ್ಗೆಗೆ ತಾವೇ ಬಗ್ಗಿರ್ತಿದ್ವು. ಆಗ ನನಗೆ ಇದು ಅನುಕೂಲ ಅನ್ಸಿತ್ತು ನೋಡಿ, ಅಷ್ಟು ದಡ್ಡ ನಾನು. ಇನ್‌ಸ್ಟಂಟ್ ಗಮ್ ಗಟ್ಟಿಯಾಗೋದೇ ಗಾಳೀಲಿರೋ ತೇವದಿಂದ, ಹಂಗಾಗಿ ಜುಲೈನಲ್ಲಿ ತುದಿಗೆ ಬರೋ ಮುಂಚೆನೇ ಹಿಡ್ಕೊಳ್ತಿತ್ತು, ಸುತ್ತ ಬೆಳ್ಳಗೆ ಬೂದಿ ಥರ ಪುಡಿ ಬೇರೆ. ಅದನ್ನ ಬಿಟ್ಟು ಫೆವಿಕಾಲ್ ಮರೀನ್ ತಂದೆ, ಅದು ಒಣಗೋಕೆ ಒಂದು ದಿನ ಪೂರ್ತಿ, ಆದ್ರೆ ಹಿಡಿದ್ರೆ ಹಿಡೀತು. ಕ್ಲಾಂಪ್ ಬದಲು ಬಟ್ಟೆ ಒಣಗಿಸೋ ಕ್ಲಿಪ್ಪು, ಮನೇಲಿದ್ದ ಅಷ್ಟೂ ಕ್ಲಿಪ್ಪು ಹಡಗಿಗೆ ಹೋಗಿ ಒಗೆದ ಬಟ್ಟೆ ಎಲ್ಲ ಒಲೆ ಮೇಲಿನ ಹಗ್ಗದಿಂದ ಜಾರಿ ಜಾರಿ ಬೀಳ್ತಿತ್ತು. ಮಳೆಗಾಲದಲ್ಲಿ ಬಟ್ಟೆ ಒಣಗೋದೇ ಕಷ್ಟ, ಅದರಲ್ಲಿ ನಿನ್ನದೊಂದು ದೋಣಿ ಅಂತ ಅಮ್ಮ ದಿನಾ ಬೈತಿದ್ರು.

ಇನ್ನೊಂದು ಯಡವಟ್ಟು ಪೂರ್ತಿ ನನ್ನದೇ. ಪಟ್ಟಿಗಳನ್ನ ಎಡಕ್ಕೊಂದು ಬಲಕ್ಕೊಂದು ಅಂತ ಜೋಡಿ ಜೋಡಿಯಾಗಿ ಅಂಟಿಸ್ಬೇಕು. ನಾನು ಹುಮ್ಮಸ್ಸಲ್ಲಿ ಒಂದೇ ಕಡೆ ನಾಲ್ಕು ಹಾಕ್ಬಿಟ್ಟೆ, ಕೀಲ್ ಬಾಳೆಕಾಯಿ ಥರ ಮೂರು ಮಿಲಿಮೀಟರ್ ಸೊಟ್ಟ ಆಯ್ತು, ನಾಲ್ಕನ್ನೂ ಬಿಸಿನೀರಲ್ಲಿ ಬಿಡಿಸಿ ಮತ್ತೆ ಶುರು ಮಾಡ್ದೆ. ಬುಕ್‌ಲೆಟ್ಟಲ್ಲಿ ಈ ಮಾತು ಎಲ್ಲೂ ಇಲ್ಲ. ಪಟ್ಟಿ ಕೂರೋ ಮುಂಚೆ ಫ್ರೇಮ್‌ಗಳ ಅಂಚನ್ನ ಓರೆಯಾಗಿ ಉಜ್ಜಬೇಕು, ಮೂತಿ ಹತ್ರ ಬರ್ತಾ ಬರ್ತಾ ಪಟ್ಟಿ ಅಗಲ ಸೀಳಿ ಕಮ್ಮಿ ಮಾಡ್ಬೇಕು, ಇಲ್ಲಾಂದ್ರೆ ಒಂದರ ಮೇಲೊಂದು ಏರಿ ಕೂರುತ್ತೆ. ಇಡೀ ಹಡಗಿನ ಅತಿ ಕಷ್ಟದ ಕೆಲಸ ಇದೇ, ಅದಕ್ಕೆ ಅವರು ಕೊಟ್ಟಿರೋದು ಎರಡು ಫೋಟೋ. ಮೊದಲನೇದರಲ್ಲಿ ಪಟ್ಟಿ ಇಲ್ಲ, ಎರಡನೇದರಲ್ಲಿ ಎಲ್ಲಾ ಪಟ್ಟಿ ಕೂತಿದೆ. ಮಧ್ಯ ಏನಾಯ್ತು ಅನ್ನೋದು ದೇವರಿಗೇ ಗೊತ್ತು. ಅದೇ ಪುಸ್ತಕದಲ್ಲಿ ಸಣ್ಣ ದೋಣಿಗೆ ಬಣ್ಣ ಹಚ್ಚೋದಕ್ಕೆ ನಾಲ್ಕು ಪುಟ.

ಹಂಗೂ ಹಿಂಗೂ ಮೊದಲ ಸುತ್ತಿನ ಪಟ್ಟಿ (ಇದರ ಮೇಲೆ ಇನ್ನೊಂದು ಸುತ್ತು ಬರುತ್ತೆ) ಆಗಸ್ಟ್ ಕೊನೆಗೆ ಮುಗೀತು, ಬೆರಳಾಡಿಸಿದ್ರೆ ಮೊಟ್ಟೆ ಥರ ನಯ, ಒಂದು ಬಿರುಕಿಲ್ಲ. ಫೋಟೋ ತೆಗೆದು ಊರಿಗೆಲ್ಲ ಕಳಿಸ್ದೆ. ಆಮೇಲೆ ಕೊಯ್ಲು ಬಂತು, ಆಳು ಸಿಗಲ್ಲ, ಕಣದಲ್ಲಿ ಕಾಫಿ ಹರಡಿರೋವಾಗ ಮೋಡ ಬಂದ್ರೆ ಟಾರ್ಪಾಲು ಹಿಡ್ಕೊಂಡು ಓಡೋದು, ಹಡಗಿನ ಕಡೆ ತಲೆ ಹಾಕಿಲ್ಲ. ಫೆಬ್ರವರಿ ಕೊನೇಲಿ ಬಟ್ಟೆ ಸರಿಸಿ ನೋಡ್ತೀನಿ, ಪಟ್ಟಿ ಪಟ್ಟಿ ಮಧ್ಯೆ ಆ ಕಡೆ ಬೆಳಕು ಕಾಣ್ತಿದೆ! ತೇವ ಕುಡಿದು ಉಬ್ಬಿದ್ದ ಪಟ್ಟಿಗಳನ್ನ ಒತ್ತೊತ್ತಾಗಿ ಅಂಟಿಸಿದ್ದೆ, ಬೇಸಿಗೇಲಿ ಅವೆಲ್ಲ ಅಡ್ಡಕ್ಕೆ ಕುಗ್ಗಿ ಬಾಯಿ ಬಿಟ್ಕೊಂಡಿದ್ವು. ಅವತ್ತು ರಾತ್ರಿ ಊಟ ಸೇರಲಿಲ್ಲ ನಿಜವಾಗ್ಲೂ.

ಕಿಟಕಿ ರಿಪೇರಿಗೆ ಬಂದಿದ್ದ ಆಚಾರ್ರಿಗೆ ತೋರಿಸ್ದೆ. ಅವರು ಸುಳ್ಯ ಕಡೆಯವರು, ಕನ್ನಡಕ ಏರಿಸಿ ಎರಡು ನಿಮಿಷ ತಿರುಗಿಸಿ ನೋಡಿದ್ರು.

"ಇದನ್ನು ಯಾವಾಗ ಕೂರಿಸಿದ್ದು ನೀವು?"

"ಜುಲೈನಲ್ಲಿ ಆಚಾರ್ರೆ."

"ಮತ್ತೆ? ಆಟಿ ತಿಂಗಳಲ್ಲಿ ಯಾರಾದ್ರೂ ಬಾಗಿಲು ಕೂರಿಸ್ತಾರಾ ಮಾರಾಯ್ರೆ? ಮರಕ್ಕೆ ಉಸಿರು ಉಂಟು ಅಲ್ವಾ."

ಕೊನೆಗೆ ಅವರೇ ದಾರಿ ಹೇಳಿಕೊಟ್ಟಿದ್ದು: ಸಣ್ಣ ಮರದ ಪುಡಿ ಫೆವಿಕಾಲಲ್ಲಿ ಕಲಸಿ ಬಿರುಕು ತುಂಬಿ, ಉಜ್ಜಿ, ಒಳಗಡೆಯಿಂದಲೂ ಅರಗಿನ ಪಾಲಿಶ್ ಒಂದು ಕೈ ಹೊಡೀರಿ, ಹೊರಗೆ ಮಾತ್ರ ಹೊಡೆದ್ರೆ ಪ್ರಯೋಜನ ಇಲ್ಲ, ತೇವ ಒಳಗಿಂದ ಬರ್ತದೆ ಅಂತ. ಮತ್ತೆ ಉಳಿದ ಪಟ್ಟಿಗಳನ್ನೆಲ್ಲ ಒಲೆ ಮೇಲಿನ ಅಟ್ಟದಲ್ಲಿ ಹದಿನೈದು ದಿನ ಇಡಿ ಅಂದ್ರು. ಇಟ್ಟೆ. ಪಕ್ಕದಲ್ಲೇ ಹೊಗೆಗೆ ಕಟ್ಟಿದ್ದ ಹಂದಿಮಾಂಸ. ಎರಡನೇ ಸುತ್ತಿನ ವಾಲ್‌ನಟ್ ಪಟ್ಟಿ ತೆಳ್ಳಗೆ ಅರ್ಧ ಮಿಲಿಮೀಟರು, ಅದನ್ನ ಮಾರ್ಚ್–ಏಪ್ರಿಲ್ ರಾತ್ರಿಗಳಲ್ಲಿ ಅಂಟಿಸ್ದೆ, ಮುಂದಿನ ಮಳೆಗಾಲಕ್ಕೆ ಮೂತಿ ಹತ್ರ ಒಂದೇ ಒಂದು ಪಟ್ಟಿ ಎದ್ದಿದ್ದು ಬಿಟ್ರೆ ಇನ್ನೆಲ್ಲ ಗಟ್ಟಿಯಾಗಿ ನಿಂತಿದೆ. ಮೂಗು ಹತ್ರ ತಂದ್ರೆ ಡಾರ್ವಿನ್ ಹಡಗು ಇವತ್ತಿಗೂ ಸ್ವಲ್ಪ ಹೊಗೆ ವಾಸನೆ ಹೊಡೆಯುತ್ತೆ.

ಹಾಯಿ ಕಟ್ಟೋ ಕಂಬಗಳ ವಿಷಯಕ್ಕೆ ನಂಗೆ ಸಿಟ್ಟು ಬಂದಿದ್ದು. ಕಂಬಕ್ಕೆ ಅಂತ ಕೊಟ್ಟಿದ್ದ ದುಂಡು ಕಡ್ಡಿಗಳಲ್ಲಿ ಎರಡು ಬಿಲ್ಲಿನಂಗೆ ಸೊಟ್ಟ. ಬದಲಿ ಕಳಿಸಿ ಅಂತ ಮೂರು ಮೇಲ್ ಹಾಕ್ದೆ, ಒಂದಕ್ಕೂ ಉತ್ತರ ಇಲ್ಲ. ಒಂದು ಕಾಲದಲ್ಲಿ ಇದೇ ನಮ್ಮ ಘಟ್ಟದ ಕಾಡಿಂದ ಸುರಹೊನ್ನೆ ಜಾತಿಯ ಮರಗಳನ್ನ, ನೆಟ್ಟಗೆ ಆಕಾಶಕ್ಕೆ ಹೋಗೋವು, ಪೂನ್‌ಸ್ಪಾರ್ ಅಂತ ಹೆಸರಿಟ್ಟು ಬ್ರಿಟಿಷರು ಹಡಗಿನ ಕಂಬಕ್ಕೆ ಹೊತ್ಕೊಂಡು ಹೋಗ್ತಿದ್ರು. ಈಗ ಕೊಡಗಿಗೇ ಹಡಗಿನ ಕಂಬ ಕೊರಿಯರಲ್ಲಿ ಬರುತ್ತೆ, ಅದೂ ಸೊಟ್ಟಗೆ! ಕೊನೆಗೆ ಆಚಾರ್ರು ನಮ್ಮ ಹಳೇ ಮನೆ ಕಿಟಕಿಯ ತೇಗದ ತುಂಡು ಸೀಳಿ ಕೊಟ್ರು, ಐವತ್ತು ಮಳೆ ಕಂಡಿರೋ ಮರ, ಇನ್ನು ಅದು ಅಲ್ಲಾಡಲ್ಲ ಅಂದ್ರು. ಚೌಕದ ಕಡ್ಡಿನ ಎಂಟು ಮೂಲೆ ಮಾಡಿ, ಡ್ರಿಲ್ ಬಾಯಿಗೆ ಸಿಕ್ಕಿಸಿ, ತಿರುಗಿಸ್ತಾ ಸ್ಯಾಂಡ್‌ಪೇಪರ್ ಹಿಡಿದ್ರೆ ದುಂಡಗೆ ಬರುತ್ತೆ. ಬಾಂಬೆಯಲ್ಲಿ ಹಡಗು ಕಟ್ಟೋ ವಾಡಿಯಾ ಮನೆತನದವರು ಮಲಬಾರ್ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕಮಲಿ ಅನ್ನೋ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲ್ತಾ ಇದೆ, ಹಂಗಾಗಿ ನನ್ನ ತೇಗದ ಕಂಬಕ್ಕೆ ಯಾರೂ ತಕರಾರು ತೆಗೀಬೇಡಿ. ಅಂದಹಾಗೆ ಬೀಗಲ್ 1820ರಲ್ಲಿ ವುಲಿಚ್‌ನಲ್ಲಿ ನೀರಿಗಿಳಿದಾಗ ಎರಡೇ ಕಂಬ, ಸರ್ವೆ ಕೆಲಸಕ್ಕೆ ಅಂತ 1825ರಲ್ಲಿ ಮೂರನೇದು ಸೇರಿಸಿದ್ದು. ಆ ಮೂರನೇ ಕಂಬ ಡಾರ್ವಿನ್ ಇದ್ದ ಹಿಂದಿನ ಕೋಣೆ ಒಳಗಿಂದಲೇ ಹಾದು ಹೋಗುತ್ತೆ. ಅದೇ ಕೋಣೇಲಿ ನಕ್ಷೆ ಬರೆಯೋ ದೊಡ್ಡ ಮೇಜು, ಅದರ ಮೇಲೆ ತೂಗು ಹಾಸಿಗೆ, ಕಾಲು ಚಾಚೋಕೆ ಜಾಗ ಸಾಲದೆ ಪುಣ್ಯಾತ್ಮ ಗೋಡೆಯ ಡ್ರಾಯರ್ ತೆಗೆಸಿ ಅಲ್ಲಿ ಕಾಲು ತೂರಿಸ್ತಿದ್ದನಂತೆ. ಕಿಟ್ಟಲ್ಲಿ ಆ ಕೋಣೆ ಒಳಗೆ ಏನೂ ಇಲ್ಲ, ಖಾಲಿ ಡಬ್ಬಿ. ನಾನು ಬೆಂಕಿಕಡ್ಡಿಯಲ್ಲಿ ಮೇಜು ಮಾಡಿ ಇಟ್ಟು ಮೇಲೆ ಮುಚ್ಚಿದೀನಿ, ಯಾರಿಗೂ ಕಾಣಲ್ಲ, ನನಗೆ ಗೊತ್ತು.

ಹಗ್ಗದ ಕೆಲಸ ಎರಡನೇ ಮಳೆಗಾಲ ಪೂರ್ತಿ ತಿಂತು. ಕಂಬಕ್ಕೆ ಹತ್ತೋ ಹಗ್ಗದ ಏಣಿಗಳಿವೆಯಲ್ಲ, ಆರಾರು ಮಿಲಿಮೀಟರಿಗೆ ಒಂದೊಂದು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಐದೋ ಆರೋ ಗಂಟು, ಎಂಟುನೂರರ ಮೇಲೆ ನಾನು ಎಣಿಸೋದೇ ಬಿಟ್ಟೆ. ಆದ್ರೆ ಸುಳ್ಳು ಹೇಳಲ್ಲ, ಇಡೀ ಕಿಟ್ಟಲ್ಲಿ ನನಗೆ ಅತಿ ಇಷ್ಟ ಆಗಿದ್ದು ಇದೇ, ಹೊರಗೆ ಧೋ ಅಂತ ಸುರೀತಾ ಇರುತ್ತೆ, ಇನ್ವರ್ಟರ್ ಲೈಟಲ್ಲಿ ಒಂದೊಂದೇ ಗಂಟು ಹಾಕ್ತಾ ಕೂತ್ರೆ ತಲೇಲಿ ಕಾಫಿ ರೇಟೂ ಇರಲ್ಲ ಬ್ಯಾಂಕ್ ಸಾಲನೂ ಇರಲ್ಲ. ದಾರ ಮಾತ್ರ ಕಳಪೆ, ಜುಂಗು ಜುಂಗಾಗಿ ಎದ್ದಿರುತ್ತೆ, ಗಂಟು ಬಿಗಿಯಾಗಲ್ಲ. ಜೇನುಮೇಣಕ್ಕೆ ಎರಡು ಸಲ ಎಳೆದ್ರೆ ಸರಿಹೋಗುತ್ತೆ, ಕೊಡಗಿನಲ್ಲಿ ಜೇನುಮೇಣಕ್ಕೇನು ಬರ. ಆದ್ರೆ ಅದು ಹತ್ತಿ ದಾರ. ಹತ್ತಿ ಒದ್ದೆಯಾದ್ರೆ ಗಿಡ್ಡ ಆಗುತ್ತೆ, ಒಣಗಿದ್ರೆ ಸಡಿಲ ಆಗುತ್ತೆ, ಬಟ್ಟೆ ಹಗ್ಗ ಕಟ್ಟಿದವರಿಗೆಲ್ಲ ಗೊತ್ತಿರೋದೇ. ಆಗಸ್ಟಲ್ಲಿ ವೀಣೆ ತಂತಿ ಥರ ಬಿಗಿಯಾಗಿದ್ದಿದ್ದು ಜನವರಿಗೆ ಹಳೇ ಮಂಚದ ನೇಯ್ಗೆ ಥರ ಜೋತು ಬಿತ್ತು. ಮತ್ತೆ ಸಿಕ್ಕಿದಷ್ಟು ಬಿಗಿ ಮಾಡಿದೀನಿ. ಇನ್ನೊಂದು ಸಲ ಕಟ್ಟೋದಾದ್ರೆ ಕಿಟ್ಟಿನ ದಾರ ಪೆಟ್ಟಿಗೆಯಲ್ಲೇ ಬಿಟ್ಟು ಪಾಲಿಯೆಸ್ಟರ್ ದಾರ ತರ್ತೀನಿ, ನೀವೂ ಹಾಗೇ ಮಾಡಿ.

ಒಳ್ಳೇದನ್ನೂ ಹೇಳ್ಬೇಕಲ್ಲ. ತಳಕ್ಕೆ ಅಂಟಿಸೋ ತಾಮ್ರದ ತಗಡುಗಳು ಬಹಳ ಚೆನ್ನಾಗಿವೆ, ಉಗುರಿನಷ್ಟು ಉದ್ದದವು, ಮೊಳೆ ಗುರುತು ಸಮೇತ, ಹಿಂದೆ ಅಂಟು ಇರುತ್ತೆ. ಮೊದಲು ಫಳಫಳ ಅಂತಿದ್ದವು ಒಂದೇ ಮಳೆಗಾಲಕ್ಕೆ ಹಂಡೆ ಬಣ್ಣಕ್ಕೆ ತಿರುಗಿದ್ವು, ಇಲ್ಲಿ ಮಾತ್ರ ನಮ್ಮ ಹವಾಮಾನ ಫ್ರೀಯಾಗಿ ಕೆಲಸ ಮಾಡಿಕೊಡ್ತು, ಬೇರೆ ಊರವರು ಇದಕ್ಕೆ ಕೆಮಿಕಲ್ ಹಚ್ತಾರೆ. ಹಿತ್ತಾಳೆ ಪೀರಂಗಿಗಳೂ ಅಷ್ಟೇ, ಅಚ್ಚು ಬಿಟ್ಟ ಗೆರೆ ಕೂಡ ಇಲ್ಲ. ಕೈಲ್ ಮುಹೂರ್ತದ (ಕೊಡಗಿನ ಆಯುಧ ಪೂಜೆ ಹಬ್ಬ) ದಿನ ಅಮ್ಮ ಕೋವಿ, ಕತ್ತಿ ಸಾಲಿನ ಕೊನೆಗೆ ಹಡಗನ್ನೂ ಇಡಿಸಿ ಪೀರಂಗಿಗಳಿಗೆ ಒಂದೊಂದು ಹೂವಿನ ಎಸಳು ಇಟ್ರು, ಆಯುಧ ಅಂದಮೇಲೆ ಆಯುಧ ಅಂತೆ. ದಿನಾ ಬೈತಿದ್ದವರು ಅವರೇ.

ತಗೊಳ್ಬಹುದಾ ಅಂತ ಕೇಳಿದ್ರೆ, ಮೊದಲ ಕಿಟ್ಟಾಗಿ ಖಂಡಿತ ಬೇಡ, ಒಂದು ಕಂಬದ ಸಣ್ಣ ದೋಣಿ ಯಾವುದಾದ್ರೂ ಕಟ್ಟಿ ಕೈ ಪಳಗಿಸ್ಕೊಳ್ಳಿ. ಪೆಟ್ಟಿಗೆ ಜೊತೆ ಟೂಲ್ ಏನೂ ಬರಲ್ಲ, ಒಳ್ಳೆ ಚಾಕು, ಕೈಯಲ್ಲೇ ತಿರುಗಿಸೋ ಸಣ್ಣ ಡ್ರಿಲ್, 120ರಿಂದ 400 ತನಕ ಸ್ಯಾಂಡ್‌ಪೇಪರ್, ಚಿಮುಟ ಇಷ್ಟಕ್ಕೆ ಇನ್ನೊಂದು 3,000 ಇಟ್ಕೊಳ್ಳಿ. ಮೈಸೂರು ಕಡೆಯವರು ನಾನು ಬರೆದಿದ್ದರಲ್ಲಿ ಅರ್ಧ ಮರೆತು ಆರಾಮಾಗಿ ಕಟ್ಟಿ. ನಮ್ಮ ಥರ ಮಳೆ ಸುರಿಯೋ ಘಟ್ಟದವರು ಮಾತ್ರ ಪೆಟ್ಟಿಗೆ ಬಂದ ತಕ್ಷಣ ಕೈ ಹಾಕ್ಬೇಡಿ, ಪಟ್ಟಿಗಳು ಮನೆ ಗಾಳಿಗೆ ಹೊಂದ್ಕೊಳ್ಳೋ ತನಕ ಬಿಡಿ, ಮಳೇಲಿ ಫ್ರೇಮು, ದೋಣಿ, ಪೀರಂಗಿ ಗಾಡಿ ಥರದ ಚಿಲ್ಲರೆ ಕೆಲಸ ಇಟ್ಕೊಂಡು ಪಟ್ಟಿ ಕೆಲಸನ ಬೇಸಿಗೆಗೆ ತಳ್ಳಿ, ಎರಡು ವರ್ಷ ಅಂದ್ರೆ ಎರಡು ವರ್ಷ. ಐದಕ್ಕೆ ಮೂರೂವರೆ ಕೊಡ್ತೀನಿ, ಬುಕ್‌ಲೆಟ್ ಬರೆದವನನ್ನ ಬದಲಾಯಿಸಿದ್ರೆ ನಾಲ್ಕೂವರೆ.

ಹಡಗು ಈಗ ಹಾಲ್‌ನಲ್ಲಿ ಗಾಜಿನ ಬಾಕ್ಸ್ ಒಳಗಿದೆ, ಬಾಕ್ಸ್ ಕುಶಾಲನಗರದಲ್ಲಿ ಮಾಡಿಸಿದ್ದು, 4,200 ಆಯ್ತು. ಮಳೆಗಾಲಕ್ಕೆ ಬೂಷ್ಟು ಹಿಡೀಬಾರ್ದು ಅಂತ ಅಮ್ಮನ ಸೀರೆ ಬೀರುವಿನಲ್ಲಿ ಉರೀತಿದ್ದ ಝೀರೋ ಬಲ್ಬ್ ಕಿತ್ತು ತಂದು ಇದರೊಳಗೆ ಹಾಕಿದೀನಿ. ಜೂನ್ ಒಳಗೆ ಅಲ್ಲಿಗೆ ಇನ್ನೊಂದು ಬಲ್ಬ್ ಬರದಿದ್ರೆ ಸೀರೆಗಳನ್ನೆಲ್ಲ ಹಡಗಿನ ಬಾಕ್ಸಲ್ಲೇ ಇಡ್ತೀನಿ ಅಂದಿದ್ದಾರೆ.