ಜಿರ್ಕೋನಿಯಾ ಎಂದು ಹಣ ಪಡೆದು ಹಲ್ಲಿಗೆ ಲೋಹದ ಕ್ಯಾಪ್ ಕೂರಿಸಿದರು

ಹದಿನೈದು ದಿನಗಳ ಹಿಂದೆ, ಭಾನುವಾರ ಸಂಜೆ ಕೋಡುಬಳೆ ಕಡಿಯುವಾಗ ಬಾಯಲ್ಲಿ ಕಲ್ಲು ಸಿಕ್ಕಂತಾಯಿತು. ಉಗುಳಿ ನೋಡಿದರೆ ಅಂಗೈಯಲ್ಲಿ ಉಗುರಿನ ತುಂಡಿನಷ್ಟು ಬಿಳಿ ಚೂರು. ಕನ್ನಡಿಯ ಮುಂದೆ ನಿಂತು ಮೊಬೈಲ್ ಬೆಳಕು ಬಿಟ್ಟೆ. ಕೆಳಗಿನ ಬಲದವಡೆಯ ಕ್ಯಾಪಿನ ಒಂದು ಮೂಲೆ ಹಾರಿಹೋಗಿತ್ತು. ಅದರ ಕೆಳಗೆ ಬಿಳುಪು ಇರಲಿಲ್ಲ. ಸವೆದ ಸ್ಟೀಲ್ ಚಮಚದ ಬಣ್ಣ. ಲೋಹ.

ನಾನು ಹಣ ಕೊಟ್ಟಿದ್ದು ಜಿರ್ಕೋನಿಯಾ ಕ್ಯಾಪಿಗೆ, ಅಂದರೆ ಲೋಹವೇ ಇಲ್ಲದ ಬಿಳಿ ಸೆರಾಮಿಕ್ ಕ್ಯಾಪಿಗೆ. 14,000 ರೂಪಾಯಿ. ರೂಟ್ ಕೆನಾಲ್ ಖರ್ಚು ಬೇರೆ. ಹಾಕಿಸಿ ಎಂಟು ತಿಂಗಳೂ ಆಗಿರಲಿಲ್ಲ.

ಲೋಹದ ಮೇಲೆ ಪಿಂಗಾಣಿ ಕೂರಿಸಿದ ಕ್ಯಾಪ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಮ್ಮ ಅಮ್ಮನ ಬಾಯಲ್ಲಿ ಅಂಥದ್ದು ಇಪ್ಪತ್ತು ವರ್ಷಗಳಿಂದ ಇದೆ. ಆದರೆ ಅಂಥ ಲೋಹದಲ್ಲಿ ನಿಕಲ್ ಇರಬಹುದು, ನನಗೆ ನಿಕಲ್ ಆಗುವುದಿಲ್ಲ. ಅಗ್ಗದ ಓಲೆ ಹಾಕಿದರೆ ಎರಡೇ ದಿನಕ್ಕೆ ಕಿವಿ ತುರಿಸಿ ನೀರು ಒಸರುತ್ತದೆ. ಇದನ್ನು ಮೊದಲ ದಿನವೇ ವೈದ್ಯರಿಗೆ ಹೇಳಿದ್ದೆ. "ಹಾಗಾದರೆ ನಿಮಗೆ ಜಿರ್ಕೋನಿಯಾನೇ ಸರಿ, ಲೋಹದ ಅಂಶವೇ ಇರುವುದಿಲ್ಲ" ಎಂದವರು ಅವರೇ. ಮೂರು ಪಟ್ಟು ಹೆಚ್ಚು ಹಣಕ್ಕೆ ನಾನು ಒಪ್ಪಿದ್ದು ಆ ಒಂದು ಮಾತಿಗಾಗಿ.

ಆ ದಿನ ಬಾಯೊಳಗೆ ಸ್ಕ್ಯಾನರ್ ಆಡಿಸಿ, ಪರದೆಯ ಮೇಲೆ ನನ್ನ ಹಲ್ಲುಗಳನ್ನು ತಿರುಗಿಸಿ ತಿರುಗಿಸಿ ತೋರಿಸಿದರು. "ಈ ಕಡತ ನೇರವಾಗಿ ಲ್ಯಾಬ್‌ಗೆ ಹೋಗುತ್ತದೆ, ಯಂತ್ರವೇ ಕೊರೆಯುತ್ತದೆ, ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲ" ಎಂದರು. ಅದಾದ ಮೇಲೆ ಸಹಾಯಕಿ ಟ್ರೇಯಲ್ಲಿ ಮೆತ್ತನೆಯ ಪದಾರ್ಥ ತುಂಬಿ ಅಚ್ಚನ್ನೂ ತೆಗೆದುಕೊಂಡಳು. ಏಕೆಂದು ಕೇಳಿದೆ. "ಒಂದು ಇರಲಿ ಅಂತ" ಎಂದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಒಡೆದ ಚೂರನ್ನು ಡಬ್ಬಿಯಲ್ಲಿಟ್ಟುಕೊಂಡು ಮರುದಿನವೇ ಹೋದೆ. ಅವರ ಮೊದಲ ಉತ್ತರ: "ಜಿರ್ಕೋನಿಯಾ ಒಳಗೆ ಬೂದು ಬಣ್ಣವೇ ಇರುತ್ತದೆ ಮೇಡಂ." ಎರಡನೆಯದು: "ಕೋಡುಬಳೆ ತಿಂದರೆ ಯಾವ ಕ್ಯಾಪ್ ಉಳಿಯುತ್ತದೆ?" ನಾನು ಜಗ್ಗದೆ ಕೂತಾಗ ಮೂರನೆಯದು: "ಲ್ಯಾಬ್‌ನವರು ಬದಲಾಯಿಸಿರಬೇಕು, ನಮಗೂ ಮೋಸ ಆಗಿದೆ."

ಲ್ಯಾಬ್‌ಗೆ ಬರೆದು ಕಳಿಸಿದ ಚೀಟಿ ತೋರಿಸಿ ಎಂದೆ. ವೈದ್ಯರು ಒಳಗಿನ ಕೋಣೆಗೆ ಹೋದರು. ಸ್ವಾಗತಕಾರಿಣಿಗೆ ವಿಷಯ ಗೊತ್ತಿರಲಿಲ್ಲವೆಂದು ಕಾಣುತ್ತದೆ, ಕಡತ ಹುಡುಕಿ ನನ್ನ ಕೈಗೇ ಕೊಟ್ಟಳು. ನನ್ನ ಹೆಸರು. ಹಲ್ಲಿನ ಸಂಖ್ಯೆ 46, ಅಂದರೆ ಅದೇ ಕೆಳಗಿನ ಬಲದವಡೆ. ಹಲ್ಲಿನ ಬಣ್ಣದ ಶೇಡ್ ಎ2. ಅದರ ಕೆಳಗೆ ನೀಲಿ ಶಾಯಿಯಲ್ಲಿ: ಪಿಎಫ್‌ಎಂ (ಲೋಹದ ಮೇಲೆ ಪಿಂಗಾಣಿ), ನಿಕಲ್ ಕ್ರೋಮಿಯಂ. ಸ್ಕ್ಯಾನ್ ಎಂಬ ಚೌಕ ಖಾಲಿ, ಅಚ್ಚು ಎಂಬಲ್ಲಿ ಟಿಕ್ ಗುರುತು.

ಲ್ಯಾಬ್‌ನವರು ಏನನ್ನೂ ಬದಲಾಯಿಸಿರಲಿಲ್ಲ. ಇವರು ಬರೆದು ಕಳಿಸಿದ್ದೇ ಅದನ್ನು. ನಿಕಲ್ ಆಗುವುದಿಲ್ಲ ಎಂದವಳ ಬಾಯಿಗೆ ನಿಕಲ್ ಎಂದು ಕೈಯಾರೆ ಬರೆದು ಕಳಿಸಿದ್ದಾರೆ. ಆ ಚೀಟಿ ಹಿಡಿದಿದ್ದ ನನ್ನ ಕೈ ನಡುಗುತ್ತಿತ್ತು. ಫೋಟೊ ತೆಗೆದುಕೊಂಡೆ. ಒಳಗಿನಿಂದ ಬಂದ ವೈದ್ಯರು ಅದನ್ನು ಕಂಡು ಹೇಳಿದ ಮಾತು ಇದು: "4,000 ಕಡಿಮೆ ಮಾಡುತ್ತೇವೆ, ಈ ಸಲ ಒರಿಜಿನಲ್ ಹಾಕೋಣ." ಒಂದು ಕ್ಷಮೆಯ ಮಾತೂ ಇಲ್ಲ.

ಹದಿನೈದು ವರ್ಷದ ವಾರಂಟಿ ಕಾರ್ಡನ್ನೂ ಕೊಟ್ಟಿದ್ದರು. ಮನೆಗೆ ಬಂದು ಅದರ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ನೋಡಿದೆ. ಅದು ಬೇರೆ ಯಾರದೋ ಹೆಸರಿನಲ್ಲಿ, ಮೇಲಿನ ಮುಂಭಾಗದ ಹಲ್ಲಿಗೆ ನೋಂದಣಿಯಾಗಿತ್ತು. ಎಂಟು ತಿಂಗಳು ಆ ಕಾರ್ಡನ್ನು ಮನೆಯ ಕಾಗದಪತ್ರಗಳ ಜೊತೆ ಬೀರುವಿನಲ್ಲಿ ಜೋಪಾನ ಮಾಡಿದ್ದೆ.

ನಂತರ ಒಂದು ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆ. ಅಲ್ಲಿನ ತಂತ್ರಜ್ಞರು ಜಿರ್ಕೋನಿಯಾದ ಬಿಲ್ಲೆಯೊಂದನ್ನು ನನ್ನ ಕೈಗೆ ಕೊಟ್ಟರು. ಸೀಮೆಸುಣ್ಣದ ಹಾಗೆ ಬಿಳಿ, ಬೆರಳಿಗೆ ಪುಡಿ ಅಂಟುವಂತಿತ್ತು. ಕುಲುಮೆಯಲ್ಲಿ ಸುಮಾರು 1,500 ಡಿಗ್ರಿ ಶಾಖದಲ್ಲಿ ಅದು ಐದನೇ ಒಂದು ಭಾಗದಷ್ಟು ಕುಗ್ಗುತ್ತದಂತೆ. ಆ ಲೆಕ್ಕ ಹಿಡಿದೇ ಯಂತ್ರ ಮೊದಲು ದೊಡ್ಡದಾಗಿ ಕೊರೆಯುತ್ತದೆ. ಒಳಗೂ ಹೊರಗೂ ಒಂದೇ ವಸ್ತು. ಒಡೆದರೂ ಒಳಗೆ ಬೂದು ಬಣ್ಣದ ಲೋಹ ಕಾಣುವ ಮಾತೇ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಅಂಟಿಸುವ ಮೊದಲು ಕ್ಯಾಪನ್ನು ಕೇಳಿ ಪಡೆದು ಅಂಗೈ ಮೇಲೆ ಮಗುಚಿ ಅದರ ಒಳಭಾಗ ನೋಡಿ. ಲೋಹವಿದ್ದರೆ ಒಳಗೆ ಬೂದಾಗಿ ಹೊಳೆಯುತ್ತದೆ, ಜಿರ್ಕೋನಿಯಾ ಆದರೆ ಒಳಗೂ ಬಿಳಿ. ಐದು ಸೆಕೆಂಡಿನ ಕೆಲಸ. ನನಗೆ ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ವಾರಂಟಿ ಸಂಖ್ಯೆಯನ್ನು ಅಲ್ಲೇ ಕುರ್ಚಿಯಲ್ಲಿ ಕೂತು ಪರೀಕ್ಷಿಸಿ. ಬಿಲ್ಲಿನಲ್ಲಿ ವಸ್ತುವಿನ ಹೆಸರು ಬರೆಸಿಕೊಳ್ಳಿ. ನನ್ನ ಬಿಲ್ಲಿನಲ್ಲಿ "ಕ್ಯಾಪ್ – 1" ಎಂದಷ್ಟೇ ಇದೆ, ಈಗ ಅವರು ಹಿಡಿದುಕೊಂಡಿರುವುದೂ ಅದನ್ನೇ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಕ್ಯಾಪನ್ನು ಶುಕ್ರವಾರ ಕತ್ತರಿಸಿ ತೆಗೆಯುತ್ತಾರೆ.

ನನಗೆ ಎಲ್ಲಕ್ಕಿಂತ ನಾಚಿಕೆಯಾಗಿರುವುದು ಬೇರೆ ವಿಷಯಕ್ಕೆ. ಆ ಕ್ಲಿನಿಕ್ಕಿಗೆ ನಮ್ಮ ಅತ್ತಿಗೆಯನ್ನು ಕಳಿಸಿದ್ದು ನಾನು. ಅವರು ಎರಡು ಕ್ಯಾಪ್ ಹಾಕಿಸಿಕೊಂಡಿದ್ದಾರೆ. ಎರಡೂ ಇನ್ನೂ ಒಡೆದಿಲ್ಲ. ತಮ್ಮ ಲ್ಯಾಬ್ ಚೀಟಿ ಕೊಡಿ ಎಂದು ಅವರು ಕೇಳಿದರೆ "ನಾಳೆ ಬನ್ನಿ" ಎನ್ನುತ್ತಿದ್ದಾರೆ. ಇವತ್ತಿಗೆ ನಾಲ್ಕನೆಯ ದಿನ.