ಮಕ್ಕಳ ಮನೆಯೋ, ಮುದುಕರ ಮನೆಯೋ? ಜರ್ಮನಿಯಲ್ಲಿ ನಾನು ಕಳೆದ ಎರಡು ವರ್ಷ

ಮಂಡ್ಯದಲ್ಲಿ ಡಿಗ್ರಿ ಮುಗಿದ ಮೇಲೆ, ಒಂದು ವರ್ಷ ಓದು ನಿಲ್ಲಿಸಿ ಬೇರೆ ದೇಶದಲ್ಲಿ ಬದುಕಿ ಬರುತ್ತೇನೆ ಎಂದೆ. ಅಪ್ಪ ಕೇಳಿದ್ದು ಒಂದೇ ಮಾತು: "ಓದಕ್ಕೂ ಅಲ್ಲ, ಕೆಲ್ಸಕ್ಕೂ ಅಲ್ಲ, ಮತ್ಯಾಕವ್ವ ಹೋಯ್ತೀಯ?" ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಜಾಸ್ತಿ ದುಡ್ಡಿಲ್ಲದೆ ಹೋಗಲು ನನಗೆ ಕಂಡ ದಾರಿ ಎರಡು. ಒಂದು ಓ ಪೇರ್, ಅಂದರೆ ಒಂದು ಕುಟುಂಬದ ಜೊತೆ ಇದ್ದು ಅವರ ಮಕ್ಕಳನ್ನು ನೋಡಿಕೊಳ್ಳುವುದು. ಇನ್ನೊಂದು ಬಿಎಫ್‌ಡಿ, ಅಂದರೆ ಜರ್ಮನ್ ಸರ್ಕಾರದ ಸ್ವಯಂಸೇವೆ ಯೋಜನೆ. 2022ರ ಆಗಸ್ಟ್‌ನಲ್ಲಿ ಓ ಪೇರ್ ಆಗಿ ಹೋದೆ. ಅದು ಮುಗಿದ ಮೇಲೆ ಊರಿಗೆ ಬರದೆ, ವೃದ್ಧಾಶ್ರಮವೊಂದರಲ್ಲಿ ಬಿಎಫ್‌ಡಿಗೆ ಸೇರಿದೆ. ಒಂದು ವರ್ಷಕ್ಕೆಂದು ಹೊರಟವಳು ಎರಡು ವರ್ಷ ಇದ್ದೆ. ಈಗ ಮೈಸೂರಿನಲ್ಲಿ ಎಂಎ ಓದುತ್ತಿದ್ದೇನೆ. ಜೂನಿಯರ್‌ಗಳು ಬಂದು "ಅಕ್ಕ, ಎರಡರಲ್ಲಿ ಯಾವುದು ಒಳ್ಳೇದು?" ಎಂದು ಕೇಳುತ್ತಾರೆ. ಜನರನ್ನು ಅರಿಯೋಕೆ ವೃದ್ಧಾಶ್ರಮವೇ ಮೇಲು. ಆದರೆ ಅಲ್ಲಿಂದಲೇ ಶುರು ಮಾಡಬೇಡಿ ಎನ್ನುತ್ತೇನೆ.

ಓ ಪೇರ್‌ಗೆ ಹೋಗುವುದು ಸುಲಭ. 27 ತುಂಬಿರಬಾರದು, ಜರ್ಮನ್ ಭಾಷೆ ಎ1, ಅಂದರೆ ಮೊದಲ ಮಟ್ಟಕ್ಕೆ ಬರಬೇಕು. ನಾನು ಮಂಡ್ಯದಿಂದ ರೈಲಿನಲ್ಲಿ ಬೆಂಗಳೂರಿಗೆ ಓಡಾಡಿ ಕಲಿತೆ. ಊಟ, ಒಂದು ರೂಮು, ವಿಮೆ ಎಲ್ಲ ಆ ಮನೆಯವರದು. ಕೈಖರ್ಚಿಗೆ ತಿಂಗಳಿಗೆ 280 ಯೂರೋ ಕೊಡುತ್ತಿದ್ದರು. ವಾರಕ್ಕೆ 30 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ.

ಮನೆಯಲ್ಲಿ ಏಳು ವರ್ಷದ ಹುಡುಗಿ, ನಾಲ್ಕು ವರ್ಷದ ಹುಡುಗ. ಅವರೇ ನನ್ನ ಮೇಷ್ಟರು. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ. ನಮಗೆ ಮೂರೂ ಬರೀ ‘ಅದು’, ಅಲ್ವಾ? ನಾನು ತಪ್ಪಿದಾಗಲೆಲ್ಲ ಆ ಹುಡುಗ ಬೇಸರವಿಲ್ಲದೆ ತಿದ್ದುತ್ತಿದ್ದ. ದೊಡ್ಡವರು ಹಾಗೆ ತಿದ್ದಲ್ಲ, ಸಂಕೋಚಪಡುತ್ತಾರೆ. ನವೆಂಬರ್ 11ರಂದು ಸಂತ ಮಾರ್ಟಿನ್ ದಿನ. ಸಂಜೆ ಕತ್ತಲಲ್ಲಿ ಮಕ್ಕಳು ತಾವೇ ಮಾಡಿದ ಕಾಗದದ ಲಾಟೀನು ಹಿಡಿದು ಹಾಡುತ್ತಾ ಬೀದಿಯಲ್ಲಿ ಹೋದರು. ನಾನೂ ಒಂದು ಹಿಡಿದು ಹೋದೆ. ಡಿಸೆಂಬರ್ 5ರ ರಾತ್ರಿ ಒರೆಸಿದ ಬೂಟು ಬಾಗಿಲಲ್ಲಿಟ್ಟರೆ, ಬೆಳಗ್ಗೆ ಅದರಲ್ಲಿ ಚಾಕೊಲೇಟು, ಕಿತ್ತಳೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತಿದ್ದವು. ಅವತ್ತು ಕಾಡಿನಲ್ಲಿ ನಡೆಯಲು ಹೋಗುತ್ತಿದ್ದೆವು.

ಕೊರತೆಯನ್ನೂ ಹೇಳಬೇಕು. ಓ ಪೇರ್ ಎಂದರೆ ಫ್ರೆಂಚಿನಲ್ಲಿ ‘ಸರಿಸಮ’ ಎಂದರ್ಥ. ಆದರೆ ಆ ಮನೆ ಅವರದು, ನಾನು ಕೆಲಸದವಳೋ ಮಗಳೋ ಎನ್ನುವುದು ದಿನದಿನಕ್ಕೂ ಬದಲಾಗುತ್ತಿತ್ತು. ಮೂರನೇ ತಿಂಗಳಿಗೆ 30 ಗಂಟೆ 40 ಆಯಿತು. ಸುಮ್ನೆ ಸಹಿಸಿಕೊಂಡೆ, ರಾತ್ರಿ ಅತ್ತೆ. ಕೊನೆಗೆ ಪ್ರತಿದಿನದ ಗಂಟೆಗಳನ್ನು ಕ್ಯಾಲೆಂಡರಿನಲ್ಲಿ ಬರೆದು ತೋರಿಸಿದೆ. ಆಮೇಲೆ ಸರಿಹೋಯಿತು. ಹೋಗುವವರು ಮೊದಲ ದಿನದಿಂದಲೇ ಹೀಗೆ ಬರೆದಿಡಿ. ಇನ್ನೊಂದು, ಇಡೀ ವರ್ಷ ನಾನು ಹತ್ತಿರದಿಂದ ನೋಡಿದ್ದು ಒಂದೇ ಮನೆ. ಅವರ ರೂಢಿಯೇ ದೇಶದ ರೂಢಿ ಎಂದುಕೊಂಡುಬಿಟ್ಟಿದ್ದೆ.

ಬಿಎಫ್‌ಡಿಗೆ ಒಂದು ಹಿನ್ನೆಲೆ ಇದೆ. ಸೈನ್ಯಕ್ಕೆ ಹೋಗಲ್ಲ ಎನ್ನುವ ಹುಡುಗರು ಅಲ್ಲಿ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯಬೇಕಿತ್ತು. 2011ರಲ್ಲಿ ಕಡ್ಡಾಯ ಸೈನಿಕ ಸೇವೆ ನಿಂತಿತು. ಆ ಕೈಗಳ ಜಾಗ ತುಂಬಲು ಅದೇ ವರ್ಷ ಜುಲೈನಲ್ಲಿ ಇದು ಶುರುವಾಯಿತು. ಕೆಲಸ ಪೂರ್ತಿ ಹೊತ್ತು, ಮೈಮುರಿಯುವಂಥದ್ದು. ಬೆಳಗಿನ ಪಾಳಿಗೆ ಕತ್ತಲಲ್ಲೇ ಏಳಬೇಕು. ತಿನ್ನಿಸುವುದು, ಹಾಸಿಗೆ ಬದಲಿಸುವುದು, ಗಾಲಿಕುರ್ಚಿ ತಳ್ಳುವುದು, ಮಧ್ಯಾಹ್ನ ಕಾಫಿ, ಕೇಕು ಕೊಡುವುದು. ವರ್ಷದಲ್ಲಿ 25 ದಿನ ಬೇರೆ ಸ್ವಯಂಸೇವಕರ ಜೊತೆ ಕಮ್ಮಟ ಇರುತ್ತದೆ. ಎ1 ಭಾಷೆ ಇಲ್ಲಿ ಸಾಲದು. ಅಜ್ಜಿಯೊಬ್ಬರು ನೋವು ಎಲ್ಲಿ ಎಂದು ಹೇಳಿದರೆ ನಮಗೆ ತಿಳಿಯಬೇಕಲ್ಲ.

ಹಿಂದಿನ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ‘ಡು’, ಅಂದರೆ ನೀನು. ಇಲ್ಲಿ ‘ಜೀ’, ಅಂದರೆ ನೀವು. ನಮ್ಮ ಕಡೆ ಅಜ್ಜಿಯನ್ನು ನೀನು ಎಂದರೇ ಪ್ರೀತಿ. ದಿನಾ ಚಮಚದಲ್ಲಿ ತಿನ್ನಿಸುವ ಅಜ್ಜಿಗೂ ಇವರು ನೀವು ಎನ್ನುವುದು ಯಾಕೆ ಎಂದು ಕೇಳಿದೆ. ಜೊತೆಯ ನರ್ಸ್ ಹೇಳಿದರು: ಮೈ ತೊಳೆಯುವುದೂ ಬೇರೆಯವರ ಕೈಯಲ್ಲಿರುವಾಗ, ಅವರಿಗೆ ಆ ಒಂದು ದೂರವನ್ನಾದರೂ ಉಳಿಸಿಕೊಡಬೇಕು. ಆ ಜನ ಒರಟು, ಬಿಗಿ ಎಂದು ಮೊದಲ ವರ್ಷ ಅಂದುಕೊಂಡಿದ್ದೆ. ಅದೆಷ್ಟು ತಪ್ಪು ಎಂದು ಅವತ್ತು ಗೊತ್ತಾಯಿತು.

88 ವರ್ಷದ ಒಬ್ಬ ಅಜ್ಜಿ ಇದ್ದರು. ಹುಟ್ಟಿದ್ದು ಬ್ರೆಸ್ಲೌ ಊರಲ್ಲಿ. ಯುದ್ಧ ಮುಗಿದ ಮೇಲೆ ಆ ಊರು ಪೋಲೆಂಡಿಗೆ ಸೇರಿತು, ಈಗ ಅದರ ಹೆಸರು ವ್ರೊಟ್ಸ್‌ವಾಫ್. ಅಲ್ಲಿದ್ದ ಜರ್ಮನ್ನರನ್ನು ಹೊರಹಾಕಿದರು. 1946ರಲ್ಲಿ ಹನ್ನೊಂದು ವರ್ಷದ ಹುಡುಗಿ ಅಮ್ಮನ ಕೈ ಹಿಡಿದು ರೈಲು ಹತ್ತಿದವರು. ಹಿಟ್ಲರನ ದೇಶ ಬೇರೆಯವರಿಗೆ ಮಾಡಿದ್ದನ್ನೂ ಅವರು ಮುಚ್ಚಿಡುತ್ತಿರಲಿಲ್ಲ. ನನ್ನ ಅಜ್ಜಿಯ ಅಮ್ಮ ಹಳೇ ಕನ್ನಂಬಾಡಿಯವರು. ಕೆಆರ್‌ಎಸ್ ಕಟ್ಟಿದಾಗ ಊರು ನೀರಿನೊಳಗೆ ಹೋಯಿತು. ನಮ್ಮ ಮಂಡ್ಯದ ಕಬ್ಬು, ಭತ್ತ ಎಲ್ಲ ಆ ನೀರಿನದೇ. ನೀರು ತೀರಾ ಇಳಿದ ವರ್ಷ ಹಳೇ ವೇಣುಗೋಪಾಲಸ್ವಾಮಿ ಗುಡಿ ಕಾಣುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಎರಡು ಕಥೆ ಒಂದೇ ಅಲ್ಲ, ಅದು ನನಗೆ ಗೊತ್ತು. ಆದರೂ ಇದನ್ನು ಹೇಳಿದಾಗ ಆ ಅಜ್ಜಿ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಕ್ರಿಸ್‌ಮಸ್‌ಗೆ ತಮ್ಮ ಕಡೆ ಗಸಗಸೆಯನ್ನು ಹಾಲಿನಲ್ಲಿ ಬೇಯಿಸಿ, ಬ್ರೆಡ್ಡು, ದ್ರಾಕ್ಷಿ ಹಾಕಿ ತಿನ್ನುತ್ತಿದ್ದರು ಎಂದು ಅವರು ಹೇಳಿದರು. ಗಸಗಸೆ! ಅಲ್ಲಿಯದು ಕಪ್ಪಗಿರುತ್ತದೆ. ಅದನ್ನೇ ತಂದು, ತೆಂಗಿನಕಾಯಿ ಜೊತೆ ರುಬ್ಬಿ, ಬೆಲ್ಲ ಸಿಗದೆ ಸಕ್ಕರೆ ಹಾಕಿ ಪಾಯಸ ಮಾಡಿದೆ. ಬಣ್ಣ ಬೂದಿಯಂತಾಯಿತು. ಅವರು ಎರಡು ಬಟ್ಟಲು ಕುಡಿದರು.

ಮೈಸೂರಿನಲ್ಲೇ ಇದ್ದು ಕಲಿಯಬಹುದಲ್ಲ ಎನ್ನುವವರಿದ್ದಾರೆ. ವೀಸಾಕ್ಕೆ ಕಾಯುವಾಗ ಅದನ್ನೂ ಮಾಡಿದೆ. ಪಟ್ಟಾಭಿ ಜೋಯಿಸರ ಯೋಗಶಾಲೆಯಿಂದಾಗಿ ಅಲ್ಲಿನ ಗೋಕುಲಂ ಬಡಾವಣೆಗೆ ಎಷ್ಟೋ ದೇಶದವರು ಬರುತ್ತಾರೆ. ಇಬ್ಬರಿಗೆ ಕನ್ನಡ ಹೇಳಿಕೊಟ್ಟೆ. ಸ್ನೇಹವಾಯಿತು. ಆದರೆ ಅವರು ನಮ್ಮನ್ನು ತಿಳಿಯಲು ಬಂದವರು, ಮಾತೆಲ್ಲ ನಮ್ಮ ಬಗ್ಗೆಯೇ ಆಯಿತು.

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಭಾಷೆ ಎ1 ಇದ್ದರೆ ಮೊದಲು ಓ ಪೇರ್‌ಗೆ ಹೋಗಿ, ಮಕ್ಕಳಿಂದ ಮಾತು ಕಲಿಯಿರಿ. ಅದಕ್ಕಿಂತ ಎರಡು ಮಟ್ಟ ಮೇಲಿನ ಬಿ1 ಆಗಲೇ ಇದ್ದರೆ ನೇರ ವೃದ್ಧಾಶ್ರಮಕ್ಕೆ ಅರ್ಜಿ ಹಾಕಿ. ಬ್ಯಾಗಿನಲ್ಲಿ ಒಂದು ಅಚ್ಚು ಬೆಲ್ಲ ಇಟ್ಟುಕೊಳ್ಳಿ.