ಅರ್ಧ ‘ಕೇಳು’ ಮಾತ್ರ ಕಲಿಸಿದ ಕೋರ್ಸ್: ತುರ್ತು ಸೇವೆಯವರ ಸ್ಪ್ಯಾನಿಷ್, 14 ತಿಂಗಳ ಬಳಕೆಯ ನಂತರ

ಆಂಬುಲೆನ್ಸ್ ಕರೆಗೆ ಹೋದ ಒಂದು ಮನೆಯಲ್ಲಿ ಅಜ್ಜಿಯೊಬ್ಬರನ್ನು ಸ್ಪ್ಯಾನಿಷಿನಲ್ಲಿ “ದೊಂದೆ ಲೆ ದ್ವೆಲೆ?” ಅಂತ ಕೇಳಿದೆ. ನಿಮಗೆ ಎಲ್ಲಿ ನೋಯುತ್ತಿದೆ ಅಂತ. ಉಚ್ಚಾರ ಸರಿಯಾಗಿಯೇ ಇತ್ತು. ಅಜ್ಜಿಯ ಮುಖ ಅರಳಿತು. ನನಗೆ ಅವರ ಭಾಷೆ ಬರುತ್ತದೆ ಅಂದುಕೊಂಡು ಒಂದು ನಿಮಿಷ ಉಸಿರು ಬಿಡದೆ ಮಾತಾಡಿದರು. ನನಗೆ ಅರ್ಥವಾಗಿದ್ದು ಎರಡೇ ಪದ: ರಾತ್ರಿ, ಮಗ. ಕೊನೆಗೆ ಫೋನಿನಲ್ಲಿ ದುಭಾಷಿಯನ್ನು ಹಿಡಿದು ಮತ್ತೆ ಮೊದಲಿಂದ ಹೇಳಿಸಬೇಕಾಯಿತು. ಅವರ ಮುಖ ಬಾಡಿದ್ದು ಇನ್ನೂ ನೆನಪಿದೆ.

ಕನ್ನಡದಲ್ಲಿ ‘ಕೇಳು’ ಅಂದರೆ ಪ್ರಶ್ನೆ ಕೇಳುವುದೂ ಹೌದು, ಕಿವಿಗೊಟ್ಟು ಕೇಳುವುದೂ ಹೌದು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್‌ನವರಿಗಾಗಿಯೇ ಮಾಡಿದ ಈ ಆನ್‌ಲೈನ್ ಕೋರ್ಸ್ ನನಗೆ ಮೊದಲನೆಯದನ್ನು ಮಾತ್ರ ಕಲಿಸಿತು. ನನ್ನ ದೊಡ್ಡ ದೂರು ಇದೇ.

ನಾನು ಇರುವುದು ನ್ಯೂಜೆರ್ಸಿಯಲ್ಲಿ. ವಾರವಿಡೀ ಸಾಫ್ಟ್‌ವೇರ್ ಕೆಲಸ, ಶನಿವಾರ ರಾತ್ರಿ ಆಂಬುಲೆನ್ಸ್‌ನಲ್ಲಿ ಸ್ವಯಂಸೇವೆ, ಇಎಂಟಿಯಾಗಿ, ಅಂದರೆ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿಯಾಗಿ. ಈ ಕಡೆ ಸ್ಪ್ಯಾನಿಷ್ ಮಾತಾಡುವ ಮನೆಗಳು ಜಾಸ್ತಿ. ನ್ಯೂ ಬ್ರನ್ಸ್‌ವಿಕ್‌ನಲ್ಲಿ ಮೆಕ್ಸಿಕೊದ ಒಹಾಕಾ ಕಡೆಯವರು ಬಹಳ ಮಂದಿ. ಪರ್ತ್ ಆಂಬಾಯ್‌ಗೆ ಹೋದರೆ ಡೊಮಿನಿಕನ್ನರು, ಪೋರ್ಟೊ ರಿಕೊದವರು. ತಿಂಗಳಿಗೆ 22 ಡಾಲರ್ ಕೊಟ್ಟು ಕೋರ್ಸ್ ಸೇರಿದೆ. ಸ್ವಯಂಸೇವಕರಿಗೆ ಯಾರೂ ಈ ಹಣ ವಾಪಸ್ ಕೊಡುವುದಿಲ್ಲ. ಹಾಗಾಗಿ ಪ್ರತಿ ತಿಂಗಳೂ ಲೆಕ್ಕ ಹಾಕಿ ನೋಡಿದ್ದೇನೆ. ಎಷ್ಟು ಪಾಠ, ಏನೇನು ವಿಭಾಗ ಅನ್ನುವ ವಿವರವನ್ನು ಇಲ್ಲಿ ಬಿಡುತ್ತೇನೆ.

ಪಾಠದ ಆಡಿಯೊದಲ್ಲಿ ರೋಗಿಯ ಪಾತ್ರದವರು ನಿಧಾನವಾಗಿ, ಸ್ಪಷ್ಟವಾಗಿ, ಒಂದೇ ವಾಕ್ಯದಲ್ಲಿ ಉತ್ತರಿಸುತ್ತಾರೆ. ಯಾರೂ ಅಳುವುದಿಲ್ಲ. ಹಿಂದೆ ಟಿವಿ ಕೂಗುವುದಿಲ್ಲ. ಪಕ್ಕದಲ್ಲಿ ನಾದಿನಿ ಬಾಯಿ ಹಾಕುವುದಿಲ್ಲ. ನಿಜವಾದ ಮನೆಯಲ್ಲಿ ಇದೆಲ್ಲ ಒಟ್ಟಿಗೇ ಇರುತ್ತದೆ, ಅಲ್ವಾ? ಕೆರಿಬಿಯನ್ ಕಡೆಯವರು ಪದದ ಕೊನೆಯ ‘ಸ್’ ನುಂಗಿ ಮಾತಾಡುತ್ತಾರೆ. ಅದರ ಒಂದು ಮಾದರಿಯೂ ಕೋರ್ಸ್‌ನಲ್ಲಿ ಇಲ್ಲ. ಒಹಾಕಾದಿಂದ ಬಂದ ಕೆಲವರ ಮನೆಮಾತು ಸ್ಪ್ಯಾನಿಷೇ ಅಲ್ಲ, ಮಿಸ್ತೆಕ್ ಅಥವಾ ಸಪೊತೆಕ್. ಮನೆಯಲ್ಲಿ ತುಳು ಆಡುವವರು ಹೊರಗೆ ಕನ್ನಡ ಆಡಿದ ಹಾಗೆ. ಅದನ್ನೂ ನಾನು ಕರೆಗಳಿಗೆ ಹೋಗಿಯೇ ತಿಳಿದೆ.

ಇನ್ನೊಂದು ವಿಷಯ ನನಗೆ ಸಿಟ್ಟು ಬರಿಸಿತು. ಪೊಲೀಸ್ ಪಾಠಗಳಲ್ಲಿ ಎಲ್ಲರಿಗೂ ‘ತು’ ಅಂತಲೇ ಮಾತು. ಅಂದರೆ ನೀನು. ‘ಉಸ್ತೆದ್’, ಅಂದರೆ ನೀವು, ಆಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಬರುತ್ತದೆ. ಗಾಬರಿಯಾದ ಎಪ್ಪತ್ತರ ಹಿರಿಯರಿಗೆ ‘ಕಾಲ್ಮಾತೆ’ ಅಂದರೆ ‘ಸುಮ್ನಿರೋ’ ಅಂದ ಹಾಗೆ. ‘ಕಾಲ್ಮೆಸೆ’ ಅಂದರೆ ‘ಸಮಾಧಾನ ಮಾಡ್ಕೊಳ್ಳಿ’. ನಮಗೆ ಕನ್ನಡದವರಿಗೆ ಇದನ್ನು ವಿವರಿಸಬೇಕಿಲ್ಲ. ಕೋರ್ಸ್ ಮಾಡಿದವರಿಗೆ ಬರೆದು ಕಳಿಸಿದೆ. ಧನ್ಯವಾದ ಅಂತ ಉತ್ತರ ಬಂತು, ಪಾಠ ಬದಲಾಗಲಿಲ್ಲ.

ನಾಲ್ಕನೇ ತಿಂಗಳು ಬಿಟ್ಟುಬಿಡುವುದರಲ್ಲಿದ್ದೆ. ಉಳಿಸಿದ್ದು ಬೆಳಗಿನ ಅಭ್ಯಾಸ.

ಐದೂಮುಕ್ಕಾಲಿಗೆ ಏಳುತ್ತೇನೆ. ಫಿಲ್ಟರ್‌ಗೆ ಪುಡಿ ಹಾಕಿ, ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವವರೆಗೆ ಒಂದು ಪಾಠ. ಆಮೇಲೆ ಕಾಫಿ ಹಿಡಿದು ಅಂದಿನ ಐದು ವಾಕ್ಯಗಳನ್ನು ಚೀಟಿಯಲ್ಲಿ ಬರೆಯುತ್ತೇನೆ, ಕನ್ನಡ ಅಕ್ಷರದಲ್ಲಿ. ಇಂಗ್ಲಿಷಿನಲ್ಲಿ ಬರೆದರೆ ನಾಲಿಗೆ ಇಂಗ್ಲಿಷ್ ಕಡೆಗೇ ತಿರುಗುತ್ತದೆ. ನಮ್ಮ ತ, ದ ಸ್ಪ್ಯಾನಿಷಿಗೆ ಚೆನ್ನಾಗಿ ಹೊಂದುತ್ತವೆ. ಶಾಲೆ ಬಿಟ್ಟ ಮೇಲೆ ನಾನು ಬರೆದೇ ಇರದ ಞ ಕೂಡ ಇಲ್ಲಿ ಕೆಲಸಕ್ಕೆ ಬಂತು. ಚೀಟಿ ಫ್ರಿಡ್ಜ್ ಮೇಲೆ ಅಂಟುತ್ತದೆ. ದಾವಣಗೆರೆಯಿಂದ ಬಂದಿದ್ದ ಅಮ್ಮ ಅದನ್ನು ಜೋರಾಗಿ ಓದಿ, “ಮೆ ದ್ವೆಲೆ ಅಂದ್ರೆ ಏನೋ?” ಅಂತ ಕೇಳಿದರು. “ನನಗೆ ನೋಯ್ತಿದೆ” ಅಂದೆ.

ಹೇಳುವಾಗಲೇ ಹೊಳೆಯಿತು. ‘ಮೆ’ ಅಂದರೆ ನನಗೆ, ‘ಲೆ’ ಅಂದರೆ ನಿಮಗೆ. ನೋವು ನನಗೆ ಆಗುತ್ತದೆ, ನಾನು ಮಾಡುವುದಲ್ಲ. ಇಂಗ್ಲಿಷಿನಿಂದ ಬಂದ ನನ್ನ ಜೊತೆಗಾರರು ತಿಂಗಳುಗಟ್ಟಲೆ ಒದ್ದಾಡಿದ ವ್ಯಾಕರಣ ನನಗೆ ಮನೆಯ ಮಾತು. ನಮ್ಮ ‘ಬಂದೆ, ಬಂದಿರಿ’ಯ ಹಾಗೆ ಇಲ್ಲೂ ಕ್ರಿಯಾಪದದ ತುದಿಯೇ ಯಾರು ಅನ್ನುವುದನ್ನು ಬಹುಪಾಲು ಹೇಳಿಬಿಡುತ್ತದೆ. ‘ತೆಂಗೊ ಅಸೂಕಾರ್’ ಅಂತ ರೋಗಿ ಹೇಳಿದರೆ, ನಮ್ಮವರು ‘ನಂಗೆ ಶುಗರ್ ಇದೆ’ ಅನ್ನುವುದೇ. ಆ ವಾರದಿಂದ ಬೇರೆ ಹುರುಪು ಬಂತು.

ಕೋರ್ಸ್‌ನ ಎರಡು ಪಾಠಗಳಿಗೆ ನಾನು ನಿಜಕ್ಕೂ ಋಣಿ.

ಒಂದು, ಮೋಸ ಮಾಡುವ ಪದಗಳ ಪಾಠ: ಇಂಗ್ಲಿಷ್ ಪದದ ಹಾಗೆ ಕೇಳಿಸಿ ಬೇರೆಯದೇ ಅರ್ಥ ಕೊಡುವವು. ‘ಎಂಬಾರಸಾದಾ’ ಅಂದರೆ ನಾಚಿದವಳಲ್ಲ, ಬಸುರಿ. 1980ರಲ್ಲಿ ಫ್ಲೋರಿಡಾದಲ್ಲಿ ಕ್ಯೂಬಾ ಮೂಲದ 18 ವರ್ಷದ ಹುಡುಗನ ಮನೆಯವರು ‘ಇಂತೊಕ್ಸಿಕಾದೊ’ ಅಂದರು. ತಿಂದದ್ದೇನೋ ಆಗಿಬಂದಿಲ್ಲ ಅನ್ನುವುದು ಅವರ ಮಾತು. ಆಸ್ಪತ್ರೆಯಲ್ಲಿ ಅದನ್ನು ಮಾದಕ ವಸ್ತು ಜಾಸ್ತಿಯಾಗಿದೆ ಅಂತ ತಿಳಿದರು. ಅವನ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಕೈಕಾಲು ಎರಡೂ ಸ್ವಾಧೀನ ತಪ್ಪಿದವು. ಪೊಲೀಸರಿಗೂ ಇಂಥದ್ದೇ ಒಂದಿದೆ. ಬಂಧಿತನಿಗೆ ಅವನ ಹಕ್ಕುಗಳನ್ನು ಸ್ಪ್ಯಾನಿಷಿನಲ್ಲಿ ಹೇಳುವಾಗ ಒರೆಗಾನ್‌ನ ಒಬ್ಬ ಪತ್ತೇದಾರರು, ವಕೀಲರು ‘ಲಿಬ್ರೆ’ ಆಗಿ ಸಿಗುತ್ತಾರೆ ಅಂದರು. ಅವರ ಮನಸ್ಸಿನಲ್ಲಿದ್ದದ್ದು ಇಂಗ್ಲಿಷಿನ ‘ಫ್ರೀ’, ದುಡ್ಡಿಲ್ಲದೆ ಅಂತ. ಆದರೆ ಲಿಬ್ರೆ ಅಂದರೆ ಬಿಡುವಾಗಿರುವ, ಸ್ವತಂತ್ರವಾದ ಅಂತ. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಹಕ್ಕುಗಳನ್ನು ಹಾಗೆ ತಿಳಿಸಿದ್ದು ಸರಿಯಿಲ್ಲ ಅಂದಿತು. ನನ್ನ ಜೊತೆ ಕೋರ್ಸ್ ಸೇರಿದ್ದ ಪೊಲೀಸ್ ಗೆಳೆಯ ಅಂದಿನಿಂದ ಹಕ್ಕುಗಳನ್ನು ಬಾಯಿಪಾಠ ಹೇಳುವುದು ಬಿಟ್ಟ, ಅಚ್ಚಾದ ಕಾರ್ಡ್ ನೋಡಿಯೇ ಓದುತ್ತಾನೆ.

ಎರಡು, ಚಿಕ್ಕ ಉತ್ತರದ ಪ್ರಶ್ನೆಗಳ ಪಾಠ. ಎಲ್ಲಿ ನೋಯುತ್ತಿದೆ ಅಂತ ಕೇಳಬೇಡಿ. ‘ಸೆಞಾಲೆ ಕೊನ್ ಉನ್ ದೆದೊ’ ಅನ್ನಿ, ಒಂದು ಬೆರಳಿನಲ್ಲಿ ತೋರಿಸಿ ಅಂತ. ಆಮೇಲೆ ಕೈಯಿಟ್ಟು ‘ಲೆ ದ್ವೆಲೆ ಆಕಿ?’, ಇಲ್ಲಿ ನೋಯುತ್ತಾ? ಉತ್ತರ ಸಿ ಅಥವಾ ನೊ. ನನ್ನ ಕಿವಿಗೆ ಅಷ್ಟು ಸಾಕು. ಇದನ್ನು ಮೊದಲ ವಾರವೇ ಕಲಿಸಿದ್ದರೆ ಆ ಅಜ್ಜಿಗೆ ನಿರಾಸೆ ಆಗುತ್ತಿರಲಿಲ್ಲ. ಕೋರ್ಸ್‌ನವರು ಇದನ್ನು ಕೊನೆಗೆ ಇಟ್ಟಿದ್ದಾರೆ.

ಈಗ ನನಗೆ ಹತ್ತು ನಿಮಿಷದ ಕೆಲಸಕ್ಕೆ ಬೇಕಾದಷ್ಟು ಬರುತ್ತದೆ: ಏನು ಔಷಧಿ ತೆಗೆದುಕೊಳ್ಳುತ್ತೀರಿ, ಯಾವುದಾದರೂ ಔಷಧಿ ಆಗುವುದಿಲ್ಲವಾ, ನನ್ನ ಕೈ ಹಿಸುಕಿ. ಆಸ್ಪತ್ರೆಗೆ ಬರುವುದಿಲ್ಲ ಅಂತ ಸಹಿ ಹಾಕಿಸುವ ಮಾತು ಬಂದರೆ ತಕ್ಷಣ ದುಭಾಷಿಗೆ ಫೋನ್. ಎಂಟು ವರ್ಷದ ಮಗಳ ಬಾಯಲ್ಲಿ ತಾಯಿಯ ರಕ್ತಸ್ರಾವದ ವಿಷಯ ಹೇಳಿಸುವುದನ್ನು ಒಮ್ಮೆ ನೋಡಿದ್ದೇನೆ. ಇನ್ನೊಮ್ಮೆ ನೋಡಲಾರೆ.

ಹೊಸಬರು ಮೂರು ತಿಂಗಳಿಗೆ ತೆಗೆದುಕೊಳ್ಳಿ, ಕೊನೆಯ ವಿಭಾಗದಿಂದ ಶುರು ಮಾಡಿ. ವ್ಯಾಕರಣಕ್ಕೆ ‘ಲ್ಯಾಂಗ್ವೇಜ್ ಟ್ರಾನ್ಸ್‌ಫರ್’ ಅನ್ನುವ ಆಡಿಯೊ ಪಾಠಗಳಿವೆ, 90 ಕಂತು, ಪೂರ್ತಿ ಉಚಿತ. ನಾನು ಈ ತಿಂಗಳು ಚಂದಾ ನಿಲ್ಲಿಸಿದೆ. ಮಂಗಳವಾರ ಸಂಜೆ ಲೈಬ್ರರಿಯಲ್ಲಿ ಸ್ಪ್ಯಾನಿಷ್ ಮಾತಿನ ಕೂಟ ಇರುತ್ತದೆ. ಅಲ್ಲಿ ಒಬ್ಬ ಡೊಮಿನಿಕನ್ ಅಜ್ಜ ತಮ್ಮ ಮಂಡಿನೋವಿನ ಕಥೆಯನ್ನು ಅವರ ವೇಗದಲ್ಲೇ ಹೇಳುತ್ತಾರೆ. ಹೋದ ವಾರ ಮುಕ್ಕಾಲು ಪಾಲು ಅರ್ಥವಾಯಿತು.